ಎರಡು ದಿನದಲ್ಲಿ ಮಾಗಿದ ಲೋಹ: ಆಲ್ಫ್ರೆಡ್ ವಿಲ್ಮ್ ಕಥೆ

ಹತ್ತಿಮತ್ತೂರು ನಮ್ಮೂರು. ಹಾವೇರಿ ಜಿಲ್ಲೆ, ಸವಣೂರು ತಾಲ್ಲೂಕು. ನಮ್ಮ ಕಡೆ ಅಲ್ಯುಮಿನಿಯಂ ಪಾತ್ರೆಗೆ ಹಳಬರು ಅಲ್ಯುಮಿನಿಯಂ ಅನ್ನಲ್ಲ, ಜರ್ಮನ್ ಅಂತಾರೆ. ಜರ್ಮನ್ ಬೋಗುಣಿ, ಜರ್ಮನ್ ಡಬರಿ. ಜರ್ಮನಿಗೂ ಅವ್ವ ಅನ್ನ ಬಸಿಯುವ ಪಾತ್ರೆಗೂ ಏನು ಸಂಬಂಧ ಅಂತ ನನಗೆ ಎಂದೂ ಗೊತ್ತಿರಲಿಲ್ಲ. ಪಾತ್ರೆಗೆ ಸಂಬಂಧ ಇದೆಯೋ ಇಲ್ಲವೋ, ಆದರೆ ಊರ ಹೊರಗೆ ಹೊಲದ ಮೇಲೆ ಹಾದುಹೋಗುವ ಕರೆಂಟ್ ತಂತಿಯ ಹಿಂದೆ ನಿಜವಾಗಿಯೂ ಒಬ್ಬ ಜರ್ಮನ್ ಮನುಷ್ಯ ಇದ್ದಾನೆ. ಅವನ ಹೆಸರು ಆಲ್ಫ್ರೆಡ್ ವಿಲ್ಮ್. ಮೆಕ್ಯಾನಿಕಲ್‌ನವರು ಮೆಟೀರಿಯಲ್ ಸೈನ್ಸ್ ಪುಸ್ತಕದಲ್ಲಿ ಈ ಹೆಸರನ್ನು ನೋಡಿರುತ್ತೀರಿ. ಪ್ರೆಸಿಪಿಟೇಶನ್ ಹಾರ್ಡನಿಂಗ್ ಅನ್ನೋ ಪಾಠದ ಶುರುವಿನಲ್ಲಿ ಒಂದೇ ಒಂದು ಸಾಲು, 1906, ಅಷ್ಟೇ. ಎಕ್ಸಾಮ್‌ಗೆ ಆ ಸಾಲು ಬರಲ್ಲ, ಹಾಗಾಗಿ ಯಾರೂ ಓದಲ್ಲ. ನನಗೆ ಆ ಸಾಲಿನ ಹಿಂದಿನ ಮನುಷ್ಯ ಬಹಳ ಇಷ್ಟ ಆದ. ಅದಕ್ಕೇ ಈ ಲೇಖನ.

ವಿಲ್ಮ್ ಹುಟ್ಟಿದ್ದು 1869ರ ಜೂನ್ 25ರಂದು, ಸೈಲೀಸಿಯಾ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಆಗ ಅದು ಪ್ರಷ್ಯಾ, ಆಮೇಲೆ ಜರ್ಮನಿ, ಈಗ ಪೋಲೆಂಡ್. ಅವನು ಹುಟ್ಟಿದಾಗ ಅಲ್ಯುಮಿನಿಯಂ ರಾಜಮಹಾರಾಜರ ಲೋಹ. ಭೂಮಿಯ ಮೇಲಿನ ಪದರದಲ್ಲಿ ಅತಿ ಹೆಚ್ಚು ಇರುವ ಲೋಹವೇ ಅದು, ಆದರೂ ಮಣ್ಣಿನಿಂದ ಬೇರೆ ಮಾಡೋದು ಯಾರಿಗೂ ಅಗ್ಗದಲ್ಲಿ ಸಾಧ್ಯ ಇರಲಿಲ್ಲ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್, ಫ್ರಾನ್ಸಿನ ಪಾಲ್ ಹೆರೂ ಅನ್ನೋ ಇಬ್ಬರು ಹುಡುಗರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ದಾರಿ ಕಂಡುಹಿಡಿದರು: ಅಲ್ಯುಮಿನಾವನ್ನು ಕರಗಿದ ಕ್ರಯೋಲೈಟ್‌ನಲ್ಲಿ ಕರಗಿಸಿ ಕರೆಂಟ್ ಹರಿಸೋದು. ಇಬ್ಬರೂ 1863ರಲ್ಲಿ ಹುಟ್ಟಿದವರು, ಇಬ್ಬರೂ 1914ರಲ್ಲಿ ಸತ್ತರು. (ಇದು ಸಿನಿಮಾದಲ್ಲಿ ಬಂದರೆ ನಾವು ನಂಬಲ್ಲ.) ಅಲ್ಲಿಂದ ಅಲ್ಯುಮಿನಿಯಂ ಬೆಲೆ ಧಡಾರನೆ ಬಿತ್ತು, ಲೋಹ ರಾಶಿ ರಾಶಿ ಬರೋಕೆ ಶುರು ಆಯ್ತು.

ಬಂತು ಸರಿ, ಆದರೆ ಏನು ಮಾಡೋದು? ಶುದ್ಧ ಅಲ್ಯುಮಿನಿಯಂ ಬಹಳ ಮೆತ್ತಗಿನ ಲೋಹ. ಹಗುರ, ತುಕ್ಕು ಹಿಡಿಯಲ್ಲ, ಕರೆಂಟ್ ಚೆನ್ನಾಗಿ ಹರಿಸುತ್ತೆ, ಆದರೆ ಭಾರ ಹೊರಲ್ಲ. ನಮ್ಮ ಜರ್ಮನ್ ಬೋಗುಣಿ ಒಮ್ಮೆ ಕೆಳಗೆ ಬಿದ್ದರೆ ಹೇಗೆ ನಗ್ಗುತ್ತೆ ಅಂತ ಎಲ್ಲರೂ ನೋಡಿದ್ದೀರಿ. ಉಕ್ಕಿಗೆ ಇರುವ ಹಾಗೆ ಇದಕ್ಕೂ ಒಂದು ಗಟ್ಟಿ ಮಾಡುವ ಉಪಾಯ ಇದೆಯೇ ಅನ್ನೋದು ಆ ಕಾಲದ ದೊಡ್ಡ ಪ್ರಶ್ನೆ.

ವಿಲ್ಮ್ ಓದಿದ್ದು ಕೆಮಿಸ್ಟ್ರಿ. 1901ರಲ್ಲಿ ಬರ್ಲಿನ್ ಹತ್ತಿರದ ನೊಯ್‌ಬಾಬೆಲ್ಸ್‌ಬರ್ಗ್ ಅನ್ನೋ ಊರಿನಲ್ಲಿದ್ದ ಒಂದು ತಾಂತ್ರಿಕ ಸಂಶೋಧನಾ ಕೇಂದ್ರಕ್ಕೆ ಕೆಲಸಕ್ಕೆ ಸೇರಿದ. ಅಲ್ಲಿ ಅವನಿಗೆ ಸಿಕ್ಕ ಕೆಲಸ ಮಿಲಿಟರಿಯವರದು. ಬಂದೂಕಿನ ತೋಟಾದ ಕವಚವನ್ನು ಹಿತ್ತಾಳೆಯಲ್ಲಿ ಮಾಡ್ತಿದ್ದರು. ಹಿತ್ತಾಳೆ ಭಾರ, ಸೈನಿಕನ ಬೆನ್ನ ಮೇಲೆ ಅಷ್ಟೂ ಭಾರ. ಅದರ ಬದಲು ಅಲ್ಯುಮಿನಿಯಂ ಬಳಸಬಹುದಾ, ಬಳಸಬೇಕು ಅಂದರೆ ಹಿತ್ತಾಳೆಯಷ್ಟು ಗಟ್ಟಿ ಮಾಡಬಹುದಾ, ನೋಡು ಅಂದರು. ನಾಡಿನ ವಿಮಾನ, ಕರೆಂಟ್ ತಂತಿ, ಯಾವುದೂ ಅವರ ತಲೆಯಲ್ಲಿ ಇರಲಿಲ್ಲ. ಬರೀ ತೋಟಾ.

ವಿಲ್ಮ್ ಐದು ವರ್ಷ ಇದನ್ನೇ ಮಾಡಿದ. ತಾಮ್ರ ಸ್ವಲ್ಪ, ಮ್ಯಾಂಗನೀಸ್ ಸ್ವಲ್ಪ, ಮೆಗ್ನೀಸಿಯಂ ಸ್ವಲ್ಪ ಸೇರಿಸೋದು, ಕಾಯಿಸೋದು, ಅಳೆಯೋದು. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಆ ಕ್ಷಣವೇ ಗಟ್ಟಿಯಾಗುತ್ತೆ, ಕಮ್ಮಾರರಿಗೆ ಸಾವಿರಾರು ವರ್ಷದಿಂದ ಗೊತ್ತಿರುವ ವಿದ್ಯೆ. ಅದೇ ವಿದ್ಯೆಯನ್ನು ಅಲ್ಯುಮಿನಿಯಂ ಮೇಲೆ ಪ್ರಯೋಗ ಮಾಡಿದ. ಸರಿಯಾಗಿ ಆಗಲಿಲ್ಲ.

1906ರ ಒಂದು ಶನಿವಾರ. ಸುಮಾರು 4 ಪರ್ಸೆಂಟ್ ತಾಮ್ರ, ಅರ್ಧ ಪರ್ಸೆಂಟ್ ಮೆಗ್ನೀಸಿಯಂ ಇದ್ದ ಒಂದು ಮಿಶ್ರಲೋಹವನ್ನು 500 ಡಿಗ್ರಿ ದಾಟಿಸಿ ಕಾಯಿಸಿ ನೀರಿಗೆ ಹಾಕಿದರು. ಸಹಾಯಕ ಯಾಬ್ಲೋನ್ಸ್ಕಿ ಗಡಸುತನ ಅಳೆದ. ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮಧ್ಯಾಹ್ನ ಆಯ್ತು, ವಾರದ ರಜೆ ಶುರು, ಉಳಿದ ಅಳತೆ ಸೋಮವಾರ ನೋಡೋಣ ಅಂತ ಹೊರಟರು. ಸೋಮವಾರ ಬಂದು ಅದೇ ತುಂಡನ್ನು ಅಳೆದರೆ ಶನಿವಾರದ್ದಕ್ಕಿಂತ ಬಹಳ ಗಟ್ಟಿ! ಯಾರೂ ಕಾಯಿಸಿಲ್ಲ, ಬಡಿದಿಲ್ಲ, ಮುಟ್ಟೇ ಇಲ್ಲ. ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಮೊದಲು ಮಿಷಿನ್ ಮೇಲೇ ಅನುಮಾನ ಬಂತು ಅಂತ ಹೇಳ್ತಾರೆ. ಈ ಶನಿವಾರದ ಕಥೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳ್ತಾರೆ, ಯಾರು ಯಾಕೆ ಬೇಗ ಮನೆಗೆ ಹೋದರು ಅನ್ನೋದರಲ್ಲಿ ಮಾತ್ರ ವ್ಯತ್ಯಾಸ. ಸೋಮವಾರದ ರೀಡಿಂಗ್ ಬಗ್ಗೆ ಎಲ್ಲರದೂ ಒಂದೇ ಮಾತು.

ನನ್ನ ಮಟ್ಟಿಗೆ ವಿಲ್ಮ್ ದೊಡ್ಡವನಾಗೋದು ಈ ಜಾಗದಲ್ಲಿ. ಒಂದೇ ತುಂಡಿಗೆ ಎರಡು ರೀಡಿಂಗ್ ಬಂದರೆ ಲ್ಯಾಬ್ ರೆಕಾರ್ಡ್‌ನಲ್ಲಿ ಏನು ಬರೀತಾರೆ ಅಂತ ನಿಮಗೇ ಗೊತ್ತು. ಅವನು ಎರಡರಲ್ಲಿ ಒಂದನ್ನು ಹೊಡೆದು ಹಾಕಲಿಲ್ಲ. ಮಿಷಿನ್ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡ, ಪ್ರಯೋಗ ಮತ್ತೆ ಮಾಡಿದ, ನೀರಿಗೆ ಹಾಕಿದ ಕ್ಷಣದಿಂದ ಗಂಟೆ ಗಂಟೆಗೆ ಅಳೆದ. ಮೊದಲ ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಗಡಸುತನ ಏರುತ್ತಾ ಹೋಗುತ್ತೆ, ನಾಲ್ಕೈದು ದಿನಕ್ಕೆ ನಿಲ್ಲುತ್ತೆ. ಶುದ್ಧ ಅಲ್ಯುಮಿನಿಯಂಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬಲ, ತೂಕ ಹೆಚ್ಚುಕಮ್ಮಿ ಅಷ್ಟೇ. ಉಕ್ಕಿನ ಹಾಗೆ ಆ ಕ್ಷಣವೇ ಗಟ್ಟಿಯಾಗುವ ಲೋಹ ಇದಲ್ಲ, ಕಾಯಬೇಕು.

ಇಂಗ್ಲಿಷ್‌ನಲ್ಲಿ ಇದಕ್ಕೆ ಏಜಿಂಗ್ ಅಂತಾರೆ, ಅಂದರೆ ವಯಸ್ಸಾಗೋದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕನ್ನಡದಲ್ಲಿ ಏನು ಬರೆಯೋದು ಅಂತ ಎರಡು ದಿನ ತಲೆ ಕೆಡ್ತು. ಕೊನೆಗೆ ಮಾಗೋದು ಅನ್ನೋ ಪದವೇ ಸರಿ ಅನ್ನಿಸ್ತು, ಇಂಗ್ಲಿಷ್ ಪದಕ್ಕಿಂತಲೂ ಸರಿ. ಹಾನಗಲ್ ಕಡೆಯವರು ಮಾವಿನಕಾಯಿ ಕಿತ್ತು ಹುಲ್ಲಿನಲ್ಲಿ ಹಣ್ಣಿಗೆ ಇಡ್ತಾರಲ್ಲ, ಹಾಗೆ. ಒಳಗೆ ತಾನಾಗಿ ಏನೋ ನಡೀತಿರುತ್ತೆ. ಬೆಚ್ಚಗಿಟ್ಟರೆ ಬೇಗ ಮಾಗುತ್ತೆ, ತಣ್ಣಗಿಟ್ಟರೆ ತಡ. ಜಾಸ್ತಿ ದಿನ ಬಿಟ್ಟರೆ ಕೊಳೆಯುತ್ತೆ. ಈ ಲೋಹಗಳೂ ಬಿಸಿಯಲ್ಲಿ ಹದ ಮೀರಿ ಮಾಗಿದರೆ ಮತ್ತೆ ಮೆತ್ತಗಾಗುತ್ತವೆ. ವಿಮಾನದ ಕಾರ್ಖಾನೆಗಳಲ್ಲಿ ಈ ಲೋಹದ ರಿವೆಟ್‌ಗಳನ್ನು ಕಾಯಿಸಿ ಅದ್ದಿದ ಕೂಡಲೇ ಐಸ್‌ ಪೆಟ್ಟಿಗೆಯಲ್ಲಿ ಇಡ್ತಿದ್ದರು. ಹೊರಗೆ ಬಿಟ್ಟರೆ ಬಡಿಯೋಕೆ ಮೊದಲೇ ಗಟ್ಟಿಯಾಗಿಬಿಡುತ್ತಿತ್ತು.

1909ರಲ್ಲಿ ವಿಲ್ಮ್ ಪೇಟೆಂಟ್ ಮಾಡಿಸಿದ. ಡ್ಯೂರೆನ್ ಅನ್ನೋ ಊರಿನ ಲೋಹದ ಕಂಪನಿ ಅದನ್ನು ತಯಾರಿಸೋಕೆ ಮುಂದೆ ಬಂತು. ಊರಿನ ಹೆಸರು ಸೇರಿಸಿ ಲೋಹಕ್ಕೆ ಡ್ಯುರಾಲ್ಯುಮಿನ್ ಅಂತ ಹೆಸರಿಟ್ಟರು. ತೋಟಾ ಮಾಡೋಕೆ ಹುಡುಕಿದ್ದು ತೋಟಾಕ್ಕಿಂತ ಹೆಚ್ಚಾಗಿ ಆಕಾಶಕ್ಕೆ ಉಪಯೋಗ ಆಯ್ತು. ಇಂಗ್ಲೆಂಡಿನ ವಿಕರ್ಸ್ ಕಂಪನಿ ಹಕ್ಕು ಪಡೆದು 1911ರ ಮೇಫ್ಲೈ ಅನ್ನೋ ವಾಯುನೌಕೆಯ ಚೌಕಟ್ಟನ್ನು ಇದರಲ್ಲಿ ಮಾಡಿತು. ಅದು ಹಾರುವ ಮೊದಲೇ ಮುರಿದು ಬಿತ್ತು, ಅದು ಬೇರೆ ಮಾತು. 1914ರಿಂದ ಜರ್ಮನಿಯ ಝೆಪೆಲಿನ್‌ಗಳಿಗೆ ಡ್ಯುರಾಲ್ಯುಮಿನ್ ಬಂತು. 1919ರ ಜೂನ್ 25ರಂದು ಯೂಂಕರ್ಸ್ ಎಫ್ 13, ಪೂರ್ತಿ ಲೋಹದಿಂದ ಮಾಡಿದ ಮೊದಲ ಪ್ರಯಾಣಿಕ ವಿಮಾನ, ಮೊದಲ ಸಲ ಹಾರಿತು. ಅದರ ಮೈ ಎಲ್ಲ ಡ್ಯುರಾಲ್ಯುಮಿನ್. ತಾರೀಖು ಗಮನಿಸಿದಿರಾ? ಅವತ್ತು ವಿಲ್ಮ್‌ಗೆ ಸರಿಯಾಗಿ ಐವತ್ತು ವರ್ಷ ತುಂಬಿತು.

ಆದರೆ ಅವನಿಗೆ ಅಷ್ಟೊತ್ತಿಗೆ ಈ ಲೋಕವೇ ಸಾಕಾಗಿತ್ತು. ಪೇಟೆಂಟ್ ಬಗ್ಗೆ ತಕರಾರು, ಕೋರ್ಟು, ದೊಡ್ಡ ದೊಡ್ಡ ಕಂಪನಿಗಳು ಒಂದು ಕಡೆ, ಇವನೊಬ್ಬ ಒಂದು ಕಡೆ. ಅವನ ಮೇಲೆ ಹಾಕಬಹುದಾದ ಪ್ರಶ್ನೆಯೂ ಕಷ್ಟದ್ದೇ: ಯಾಕೆ ಗಟ್ಟಿಯಾಗುತ್ತೆ? ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶನಿವಾರದ ತುಂಡಿಗೂ ಸೋಮವಾರದ ತುಂಡಿಗೂ ಒಂದು ಚೂರೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಹೇಗೆ ಮಾಡಬೇಕು ಅಂತ ಕರಾರುವಾಕ್ಕಾಗಿ ಗೊತ್ತು, ಯಾಕೆ ಹೀಗಾಗುತ್ತೆ ಅಂತ ಗೊತ್ತಿಲ್ಲ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವನು ಲೋಹವಿದ್ಯೆಯನ್ನೇ ಬಿಟ್ಟು, ತನ್ನ ಸೈಲೀಸಿಯಾದ ಗುಡ್ಡಗಾಡಿಗೆ ವಾಪಸ್ ಹೋಗಿ, ಸಾಲ್‌ಬರ್ಗ್ ಅನ್ನೋ ಹಳ್ಳಿಯಲ್ಲಿ ಕೃಷಿ ಮಾಡಿಕೊಂಡು ಇದ್ದುಬಿಟ್ಟ. ಸೋತು ಓಡಿಹೋದ ಅಂತ ನನಗೆ ಅನ್ನಿಸಲ್ಲ. ನಮ್ಮ ಕಡೆ ರಿಟೈರ್ ಆದ ಮೇಷ್ಟ್ರು ಊರಿಗೆ ಬಂದು ಹೊಲ ನೋಡಿಕೊಳ್ಳೋದನ್ನು ಎಷ್ಟು ಸಲ ನೋಡಿಲ್ಲ. ಆದರೆ ಐವತ್ತಕ್ಕೇ ಹೀಗೆ ಮಾಡೋಕೆ ಒಂದು ಬೇಜಾರು ಇರಲೇಬೇಕು.

ಅದೇ 1919ರಲ್ಲಿ ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಮೆರಿಕಾ, ವಾಲ್ಟನ್‌ಬರ್ಗ್, ಸ್ಕಾಟ್ ಅನ್ನೋ ಮೂವರು ಮೊದಲ ಸಲ ಒಂದು ಕಾರಣ ಕೊಟ್ಟರು. ಬೆಲ್ಲದ ಪಾಕ ನೆನಪಿಸಿಕೊಳ್ಳಿ. ಬಿಸಿ ಇದ್ದಾಗ ನೀರಿನಲ್ಲಿ ಎಷ್ಟೋ ಬೆಲ್ಲ ಕರಗುತ್ತೆ, ತಣ್ಣಗಾದಾಗ ಅಷ್ಟು ಹಿಡಿಯಲ್ಲ, ಹರಳು ಕಟ್ಟುತ್ತೆ. ಗಟ್ಟಿ ಅಲ್ಯುಮಿನಿಯಂನಲ್ಲೂ 548 ಡಿಗ್ರಿಯಲ್ಲಿ ಐದೂವರೆ ಪರ್ಸೆಂಟ್‌ಗಿಂತ ಸ್ವಲ್ಪ ಹೆಚ್ಚು ತಾಮ್ರ ಕರಗುತ್ತೆ, ರೂಮಿನ ಉಷ್ಣತೆಯಲ್ಲಿ ಕರಗೋದು ಬಹಳ ಅಂದರೆ ಬಹಳ ಕಡಿಮೆ. ಬಿಸಿ ಲೋಹವನ್ನು ಧುತ್ತಂತ ನೀರಿಗೆ ಹಾಕಿದರೆ ತಾಮ್ರಕ್ಕೆ ಹೊರಬರೋಕೆ ಟೈಮೇ ಸಿಗಲ್ಲ, ಒಳಗೇ ಸಿಕ್ಕಿಬೀಳುತ್ತೆ. ಆಮೇಲೆ ದಿನಗಟ್ಟಲೆ ನಿಧಾನಕ್ಕೆ, ಕಣ್ಣಿಗಾಗಲಿ ಸೂಕ್ಷ್ಮದರ್ಶಕಕ್ಕಾಗಲಿ ಕಾಣದಷ್ಟು ಸಣ್ಣ ಸಣ್ಣ ಗುಂಪು ಕಟ್ಟುತ್ತೆ. ಆ ಗುಂಪುಗಳೇ ಬಲ.

ಗುಂಪು ಕಟ್ಟಿದರೆ ಬಲ ಯಾಕೆ ಬರಬೇಕು? ನವಲಗುಂದದ ಜಮಖಾನೆ ಹಾಸಿದ್ದೀರಿ, ಅದನ್ನು ಒಂದು ಗೇಣು ಸರಿಸಬೇಕು. ಪೂರ್ತಿ ಎಳೆಯೋದು ಕಷ್ಟ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಇನ್ನೊಂದು ತುದಿಗೆ ತಳ್ಳಿದರೆ ಸುಲಭ. ಲೋಹ ಬಗ್ಗೋದೂ ಹೀಗೇ, ಅಣುಗಳ ಸಾಲಿನಲ್ಲಿ ಒಂದು ಸುಕ್ಕು ಹರಿದು ಹೋಗುತ್ತೆ. ನಮ್ಮ ಪುಸ್ತಕದಲ್ಲಿ ಡಿಸ್‌ಲೊಕೇಶನ್ ಅಂತ ಇರೋದು ಅದೇ. ಜಮಖಾನೆ ಮೇಲೆ ಅಲ್ಲಲ್ಲಿ ತಂಬಿಗೆ ಇಟ್ಟರೆ ಸುಕ್ಕು ಮುಂದೆ ಹೋಗಲ್ಲ. ತಾಮ್ರದ ಗುಂಪುಗಳು ಆ ತಂಬಿಗೆಗಳು. ಆದರೆ ಈ ಸುಕ್ಕಿನ ಕಲ್ಪನೆಯೇ ಬಂದಿದ್ದು 1934ರಲ್ಲಿ. 1906ರಲ್ಲಿ ಪಾಪ ವಿಲ್ಮ್ ಏನಂತ ಉತ್ತರ ಕೊಡಬೇಕಿತ್ತು?

ಈಗ ಕರೆಂಟ್ ತಂತಿಯ ಮಾತಿಗೆ ಬರೋಣ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಳೆದ ತಂತಿಗೆ ಎರಡು ಕೆಲಸ. ಕರೆಂಟ್ ಹರಿಸಬೇಕು, ತನ್ನ ಭಾರ ತಾನೇ ಹೊರಬೇಕು. ತಾಮ್ರ ಎರಡನ್ನೂ ಮಾಡುತ್ತೆ, ಆದರೆ ಭಾರ, ದುಬಾರಿ, ಮೇಲಾಗಿ ಕಳ್ಳರ ಕಣ್ಣು. ತೂಕಕ್ಕೆ ತೂಕ ಹೋಲಿಸಿದರೆ ಅಲ್ಯುಮಿನಿಯಂ ತಾಮ್ರದ ಸುಮಾರು ಎರಡು ಪಟ್ಟು ಕರೆಂಟ್ ಹರಿಸುತ್ತೆ. ಆದರೆ ಶುದ್ಧ ಅಲ್ಯುಮಿನಿಯಂಗೆ ಉದ್ದಕ್ಕೆ ಜಗ್ಗಿ ಹಿಡಿಯುವ ಶಕ್ತಿ ಇಲ್ಲ. ಅದಕ್ಕೇ ನಡುವೆ ಉಕ್ಕಿನ ಎಳೆ ಇಟ್ಟು ಸುತ್ತ ಅಲ್ಯುಮಿನಿಯಂ ಎಳೆ ಹೊಸೆಯುತ್ತಾರೆ, ಎ.ಸಿ.ಎಸ್.ಆರ್. ಅನ್ನೋದು ಅದೇ. ಸೈಜಿಗೆ ತಕ್ಕ ಹಾಗೆ ಪ್ರಾಣಿಗಳ ಹೆಸರು: ಸ್ಕ್ವಿರಲ್, ವೀಸಲ್, ರ‍್ಯಾಬಿಟ್. ಹೆಸ್ಕಾಂ ಲೈನ್‌ಮ್ಯಾನ್ ಒಬ್ಬರು ರ‍್ಯಾಬಿಟ್ ಹಾಕಬೇಕ್ರಿ ಅಂದರೆ ಮೊಲದ ಮಾತಲ್ಲ, ತಂತಿಯ ಮಾತು. ಒಳಗಿನ ಉಕ್ಕು ಕರೆಂಟ್ ಹರಿಸೋದು ಅಷ್ಟಕ್ಕಷ್ಟೇ, ಸುಮ್ಮನೆ ಭಾರ ಹೊರೋಕೆ ಇರೋದು. ಉಕ್ಕೇ ಬೇಡ, ಅಲ್ಯುಮಿನಿಯಂನ್ನೇ ವಿಲ್ಮ್ ದಾರಿಯಲ್ಲಿ ಗಟ್ಟಿ ಮಾಡೋಣ ಅಂತ ಯಾರಿಗಾದರೂ ಅನ್ನಿಸಲೇಬೇಕಲ್ಲ?

ಅನ್ನಿಸಿತು. ಆದರೆ ಡ್ಯುರಾಲ್ಯುಮಿನ್ ನೇರವಾಗಿ ಕೆಲಸಕ್ಕೆ ಬರಲಿಲ್ಲ. ತಾಮ್ರದ ತಂತಿಯನ್ನು 100 ಅಂತ ಹಿಡಿದರೆ ಶುದ್ಧ ಅಲ್ಯುಮಿನಿಯಂ ತಂತಿ ಸುಮಾರು 62 ಕರೆಂಟ್ ಹರಿಸುತ್ತೆ, ಮಾಗಿದ ಡ್ಯುರಾಲ್ಯುಮಿನ್ 34ರ ಆಸುಪಾಸು. ಬಲ ಬಂತು, ಕರೆಂಟ್ ಹೋಯ್ತು. ಎಲ್ಲ ಮಿಶ್ರಲೋಹಗಳ ಜಗಳ ಇದೇ. ಸಂತೆ ದಿನ ಸವಣೂರು ರಸ್ತೆಯಲ್ಲಿ ಬಸ್ ಹೋಗೋದನ್ನು ನೆನಪಿಸಿಕೊಳ್ಳಿ. ನೂರು ಜನ ರಸ್ತೆ ತುಂಬ ಚದುರಿ ನಿಂತರೆ ಬಸ್ಸಿಗೆ ಹೆಜ್ಜೆ ಹೆಜ್ಜೆಗೂ ಅಡ್ಡ. ಅದೇ ನೂರು ಜನ ಹತ್ತು ಕಟ್ಟೆಗಳ ಮೇಲೆ ಗುಂಪಾಗಿ ಕೂತರೆ ನಡುವೆ ದಾರಿ ಬಿಡುತ್ತೆ. ಬಸ್ಸು ಎಲೆಕ್ಟ್ರಾನ್, ಜನ ಅನ್ನೋದು ಬೆರೆಸಿದ ಲೋಹದ ಅಣುಗಳು. ಕರಗಿ ಚದುರಿದ ಅಣುಗಳು ಕರೆಂಟಿಗೆ ಶತ್ರು, ಗುಂಪಾದ ಅಣುಗಳು ಅಷ್ಟಾಗಿ ಅಲ್ಲ. ಅದೇ ಗುಂಪುಗಳು ಜಮಖಾನೆಯ ಸುಕ್ಕನ್ನೂ ತಡೆಯುತ್ತವೆ. ಅಂದರೆ ಸರಿಯಾಗಿ ಮಾಗಿಸಿದರೆ ಬಲ, ಕರೆಂಟ್ ಎರಡೂ ಒಟ್ಟಿಗೆ ಮೇಲೆ ಹೋಗುವ ಒಂದು ಹದ ಇರಬೇಕು. ಒಂದು ತೊಡಕೂ ಇದೆ: ರೂಮಿನ ಉಷ್ಣತೆಯಲ್ಲಿ ಮೊದಲು ಕಟ್ಟುವ ಅತಿ ಸಣ್ಣ ಗುಂಪುಗಳು ಎಲೆಕ್ಟ್ರಾನ್‌ಗೆ ಇನ್ನೂ ಹೆಚ್ಚು ಅಡ್ಡ ಬರುತ್ತವೆ. ಬಸ್ಸಿನ ಉದಾಹರಣೆ ಅಲ್ಲಿಗೆ ಮುರಿಯುತ್ತೆ. ವಿಲ್ಮ್‌ನ ಲೋಹ ಮೇಜಿನ ಮೇಲೆ ಮಾಗುವಾಗ ಬಲದ ಜೊತೆ ರೆಸಿಸ್ಟೆನ್ಸ್ ಕೂಡ ಏರುತ್ತಿತ್ತು. ಸ್ವಲ್ಪ ಬಿಸಿಯಲ್ಲಿ ಮಾಗಿಸಿದರೆ ಗುಂಪುಗಳು ಬೆಳೆದು ರೆಸಿಸ್ಟೆನ್ಸ್ ಇಳಿಯುತ್ತೆ.

ಆ ಹದ ಸಿಕ್ಕಿದ್ದು ತಾಮ್ರದಲ್ಲಿ ಅಲ್ಲ, ಮೆಗ್ನೀಸಿಯಂ ಮತ್ತು ಸಿಲಿಕಾನ್‌ನಲ್ಲಿ. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನವರು ಆಲ್ಡ್ರೇ, ಫ್ರಾನ್ಸಿನವರು ಆಲ್ಮೆಲೆಕ್ ಅನ್ನೋ ತಂತಿ ತಂದರು. ಎರಡೂ ಸೇರಿ ಸುಮಾರು ಒಂದು ಪರ್ಸೆಂಟ್, ಅಷ್ಟೇ. ಕಾಯಿಸಿ, ನೀರಿಗೆ ಹಾಕಿ, ತಂತಿ ಎಳೆದು, ಆಮೇಲೆ 150-170 ಡಿಗ್ರಿಯಲ್ಲಿ ಕೆಲವು ಗಂಟೆ ಮಾಗಿಸೋದು. ಸಾದಾ ಅಲ್ಯುಮಿನಿಯಂ ತಂತಿಯ ಸುಮಾರು ಎರಡು ಪಟ್ಟು ಬಲ, ಕರೆಂಟ್ 62ರ ಬದಲು 52-53. ಇವತ್ತು ನಮ್ಮಲ್ಲಿ ಎ.ಎ.ಎ.ಸಿ. ಅನ್ನೋ ತಂತಿ ಇದೇ ವಂಶದ್ದು, ಭಾರತದಲ್ಲಿ ಅದಕ್ಕೆ ಐ.ಎಸ್. 398ರ ನಾಲ್ಕನೇ ಭಾಗ ಅಂತ ಪ್ರತ್ಯೇಕ ಸ್ಟ್ಯಾಂಡರ್ಡ್ ಇದೆ. ಉಕ್ಕಿನ ಎಳೆ ಇಲ್ಲ, ತುಕ್ಕಿನ ಗೊಡವೆ ಇಲ್ಲ. ನಾನು ಶುರುವಿನಲ್ಲಿ ಹೇಳಿದ ಹೊಲದ ಮೇಲಿನ ತಂತಿಯ ಸಂಬಂಧ ಇದು.

ಇಷ್ಟು ಗೊತ್ತಿದ್ದ ಮೇಲೆ ಇನ್ನೇನು ಉಳಿದಿದೆ? ಗುಜರಿ ಉಳಿದಿದೆ. ಅಲ್ಲೇ ನಮ್ಮ ಕಾಲದ ಕಷ್ಟ ಇರೋದು.

ಡ್ಯುರಾಲ್ಯುಮಿನ್ ಗುಜರಿಯ ಕಥೆ ವಿಲ್ಮ್ ಬದುಕಿದ್ದಾಗಲೇ ಶುರು ಆಗಿತ್ತು. 1930ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಆರ್ 101 ವಾಯುನೌಕೆ ಭಾರತಕ್ಕೆ ಹೊರಟು ಫ್ರಾನ್ಸಿನಲ್ಲಿ ಬಿದ್ದು ಸುಟ್ಟುಹೋಯ್ತು. ಅದರ ಅವಶೇಷದಲ್ಲಿ ಸುಮಾರು 5 ಟನ್ ಡ್ಯುರಾಲ್ಯುಮಿನ್‌ನ್ನು ಝೆಪೆಲಿನ್ ಕಂಪನಿ ಕೊಂಡುಕೊಂಡಿತು. ಆಮೇಲೆ ಅವರು ಕಟ್ಟಿದ ಹಿಂಡೆನ್‌ಬರ್ಗ್ 1937ರ ಮೇ 6ರಂದು ಅಮೆರಿಕದಲ್ಲಿ ಇಳಿಯುವಾಗ ಸುಟ್ಟಿತು, 36 ಜನ ಸತ್ತರು. ಅದರ ಚೌಕಟ್ಟನ್ನೂ ಹಡಗಿನಲ್ಲಿ ಜರ್ಮನಿಗೆ ತಂದು ಕರಗಿಸಿ ಯುದ್ಧವಿಮಾನಕ್ಕೆ ಬಳಸಿದರು. ನಮ್ಮ ಕರ್ನಾಟಕಕ್ಕೂ ಇಂಥದ್ದೊಂದು ಕಥೆ ಇದೆ, ಇದು ಸಂತೋಷದ್ದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, ಈಗಿನ ಎಚ್.ಎ.ಎಲ್. ಎರಡನೇ ಮಹಾಯುದ್ಧ ಮುಗಿದಾಗ ಲಿಬರೇಟರ್ ಬಾಂಬರ್ ವಿಮಾನಗಳನ್ನು ಮತ್ತೆ ಯಾರೂ ಹಾರಿಸಬಾರದು ಅಂತ ಬೇಕಂತಲೇ ಕೆಡಿಸಿ ಕಾನ್ಪುರದಲ್ಲಿ ಬಿಟ್ಟು ಹೋಗಿದ್ದರು. ಎಚ್.ಎ.ಎಲ್.ನವರು ಆ ಗುಜರಿಯಿಂದ ಸುಮಾರು 40 ವಿಮಾನಗಳನ್ನು ಎಬ್ಬಿಸಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು ರಿಪೇರಿ ಮಾಡಿ ವಾಯುಪಡೆಗೆ ಕೊಟ್ಟರು. ಕರಗಿಸದೇ ಮರುಬಳಕೆ ಮಾಡೋದು ಅಂದರೆ ಇದು!

ಆದರೆ ಎಲ್ಲ ಗುಜರಿಯೂ ಎದ್ದು ಹಾರಲ್ಲ, ಕರಗಲೇಬೇಕು. ಕರಗಿಸೋದರಲ್ಲಿ ಲಾಭವೂ ದೊಡ್ಡದು. ಒಂದು ಕೆಜಿ ಹೊಸ ಅಲ್ಯುಮಿನಿಯಂಗೆ ಎಲೆಕ್ಟ್ರಾಲಿಸಿಸ್ ಒಂದಕ್ಕೇ ಸುಮಾರು 14 ಯೂನಿಟ್ ಕರೆಂಟ್ ಬೇಕು. ಗುಜರಿ ಕರಗಿಸಿದರೆ ಒಟ್ಟು ಶಕ್ತಿಯಲ್ಲಿ 5 ಪರ್ಸೆಂಟ್ ಸಾಕು. ಬೆಳಗಾವಿಯಲ್ಲಿ ಇಂಡಾಲ್ ಕಂಪನಿ ಲೋಹವನ್ನೇ ತಯಾರಿಸುತ್ತಿತ್ತು. ಈಗ ಹಿಂಡಾಲ್ಕೊ ಆಗಿರುವ ಆ ಜಾಗದಲ್ಲಿ ಅಲ್ಯುಮಿನಾ ಮಾತ್ರ, ಲೋಹ ಮಾಡುವ ಸ್ಮೆಲ್ಟರ್ ನಿಂತಿದೆ. ಕರೆಂಟ್ ಸಾಲದ ಊರುಗಳಿಗೆ ಗುಜರಿಯೇ ಗಣಿ.

ಸಮಸ್ಯೆ ಏನಂದರೆ ಗುಜರಿ ಕಲಬೆರಕೆ. ಹಳೆ ತಂತಿ, ಜರ್ಮನ್ ಪಾತ್ರೆ, ಕಿಟಕಿ ಚೌಕಟ್ಟು, ಬೈಕಿನ ಇಂಜಿನ್ ಎಲ್ಲ ಒಂದೇ ಕುಲುಮೆಗೆ ಹೋಗುತ್ತೆ. ಇಂಜಿನ್ ಭಾಗದಲ್ಲಿ ಸಿಲಿಕಾನ್ ಹತ್ತು ಪರ್ಸೆಂಟ್ ಹತ್ತಿರ, ಜೊತೆಗೆ ತಾಮ್ರ, ಸತು. ಎಲ್ಲಕ್ಕಿಂತ ಕೆಟ್ಟದ್ದು ಕಬ್ಬಿಣ: ಬೋಲ್ಟು, ಸ್ಕ್ರೂ, ಕರಗಿಸುವ ಪಾತ್ರೆ, ಎಲ್ಲ ಕಡೆಯಿಂದಲೂ ಬರುತ್ತೆ. ಒಮ್ಮೆ ಕರಗಿದ ಕಬ್ಬಿಣವನ್ನು ಅಲ್ಯುಮಿನಿಯಂನಿಂದ ಅಗ್ಗದಲ್ಲಿ ತೆಗೆಯುವ ದಾರಿ ಇಲ್ಲ. ಪ್ರತಿ ಸಲ ಕರಗಿಸಿದಾಗ ಸ್ವಲ್ಪ ಸ್ವಲ್ಪ ಕೂಡುತ್ತಾ ಹೋಗುತ್ತೆ. ತಣ್ಣಗಾಗುವಾಗ ಸಿಲಿಕಾನ್ ಜೊತೆ ಸೇರಿ ಸೂಜಿಯ ಹಾಗೆ ಕಾಣುವ ತಗಡುಗಳಾಗುತ್ತೆ, ಲೋಹ ಅಲ್ಲೇ ಪಟಕ್ಕಂತ ಒಡೆಯುತ್ತೆ. ಅದಕ್ಕೇ ಕಲಬೆರಕೆ ಗುಜರಿ ಬಹುಪಾಲು ಎರಕಕ್ಕೆ ಹೋಗುತ್ತೆ, ಮತ್ತೆ ಇಂಜಿನ್ ಭಾಗ ಆಗುತ್ತೆ. ತಂತಿ ಇಂಜಿನ್ ಆಗಬಹುದು, ಇಂಜಿನ್ ತಂತಿ ಆಗಲ್ಲ. ಒನ್ ವೇ. ಬೈಕು, ಕಾರು ಎಲ್ಲ ಎಲೆಕ್ಟ್ರಿಕ್ ಆಗಿ ಇಂಜಿನ್ನೇ ಕಡಿಮೆಯಾದರೆ ಈ ಎರಕದ ಗುಜರಿ ಎಲ್ಲಿಗೆ ಹೋಗಬೇಕು? ಅದೇ ಹೊತ್ತಿಗೆ ತಂತಿ, ಮೋಟಾರು, ಬಸ್‌ಬಾರ್‌ಗೆ ಬೇಡಿಕೆ ಏರುತ್ತೆ. ಗುಜರಿಯಿಂದಲೇ ಬಲವೂ ಇರುವ, ಕರೆಂಟೂ ಹರಿಸುವ ಲೋಹ ಮಾಡೋದು ಹೇಗೆ ಅಂತ ಇವತ್ತು ತಲೆ ಕೆಡಿಸಿಕೊಂಡಿರೋದು ಇದಕ್ಕೇ.

ಮಜಾ ಏನಂದರೆ, ಕರೆಂಟಿನ ದೃಷ್ಟಿಯಿಂದ ಕಬ್ಬಿಣ ಅಷ್ಟು ದೊಡ್ಡ ಶತ್ರು ಅಲ್ಲ. ಗಟ್ಟಿ ಅಲ್ಯುಮಿನಿಯಂನಲ್ಲಿ ಕಬ್ಬಿಣ ಕರಗೋದೇ ಇಲ್ಲ ಅನ್ನುವಷ್ಟು ಕಡಿಮೆ, ಹೆಚ್ಚೆಂದರೆ 0.05 ಪರ್ಸೆಂಟ್. ಉಳಿದದ್ದು ತಾನಾಗಿ ಗುಂಪು ಕಟ್ಟುತ್ತೆ. ಸಂತೆಯಲ್ಲಿ ಹೇಳದೇ ಕಟ್ಟೆ ಹತ್ತಿ ಕೂರುವ ಜನ ಇದ್ದ ಹಾಗೆ. ಅಮೆರಿಕದಲ್ಲಿ 1960ರ ದಶಕದ ಕೊನೆಯಲ್ಲಿ ಮನೆ ವೈರಿಂಗ್‌ಗೆ ಸಾದಾ ಅಲ್ಯುಮಿನಿಯಂ ಬಳಸಿ, ಜಾಯಿಂಟ್ ಬಿಸಿಯಾಗಿ ಬೆಂಕಿ ಬೀಳುವ ತೊಂದರೆ ಬಂದಾಗ, ಪರಿಹಾರವಾಗಿ ತಂದ 8000 ಸರಣಿಯ ತಂತಿಯಲ್ಲಿ ಬೇಕಂತಲೇ ಕಬ್ಬಿಣ ಹಾಕಿದರು. ನಿಜವಾದ ಕಳ್ಳರು ಟೈಟಾನಿಯಂ, ವನೇಡಿಯಂ, ಕ್ರೋಮಿಯಂ, ಮ್ಯಾಂಗನೀಸ್. ಇವು ಕರಗಿ ಚದುರುತ್ತವೆ, ಚೂರೇ ಇದ್ದರೂ ಕರೆಂಟ್ ಕುಸಿಯುತ್ತೆ. ಮೊದಲ ಮೂರನ್ನು ಬೋರಾನ್ ಹಾಕಿ ಹಿಡಿಯಬಹುದು, ಬೋರೈಡ್ ಆಗಿ ತಳಕ್ಕೆ ಇಳಿಯುತ್ತವೆ. ಮ್ಯಾಂಗನೀಸ್ ಮಾತ್ರ ಜಗ್ಗಲ್ಲ. ಇನ್ನೂ ಕಷ್ಟ ಏನಂದರೆ, ಕಬ್ಬಿಣದ ಆ ಕೆಟ್ಟ ಸೂಜಿಗಳನ್ನು ಮುರಿದು ದುಂಡಗೆ ಮಾಡೋಕೆ ಎರಕದವರು ಹಾಕೋದು ಅದೇ ಮ್ಯಾಂಗನೀಸ್! ಬಲಕ್ಕೆ ಹಾಕಿದರೆ ಕರೆಂಟ್ ಕೆಡುತ್ತೆ, ಕರೆಂಟಿಗಾಗಿ ಬಿಟ್ಟರೆ ತುಂಡು ಒಡೆಯುತ್ತೆ. ಬೇಗ ತಣ್ಣಗೆ ಮಾಡಿ ಸೂಜಿಗಳನ್ನು ಸಣ್ಣದಾಗಿಸೋದು ಒಂದು ದಾರಿ, ಆಮೇಲೆ ಮೆಗ್ನೀಸಿಯಂ ಸೇರಿಸಿ ಗುಜರಿಯಲ್ಲೇ ಇರುವ ಸಿಲಿಕಾನ್ ಜೊತೆ ಮಾಗಿಸೋದು ಇನ್ನೊಂದು. ಎರಡೂ ಸುಲಭ ಆಗೋದು ಮೊದಲೇ ಆರಿಸಿ ಬೇರೆ ಮಾಡಿದ್ದರೆ. ನಮ್ಮ ಗುಜರಿ ಅಂಗಡಿಗಳಲ್ಲಿ ತಂತಿ, ಪಾತ್ರೆ, ಎರಕ ಅಂತ ಮೂರು ರಾಶಿ ಮಾಡಿ ಮೂರು ರೇಟು ಹೇಳುವ ಹುಡುಗರು ಮಾಡೋದು ಮೆಟಲರ್ಜಿಯ ಮೊದಲ ಸ್ಟೆಪ್ಪೇ. ಅವರಿಗೆ ಯಾರೂ ಹಾಗಂತ ಹೇಳಿಲ್ಲ, ಅಷ್ಟೇ.

ವಿಲ್ಮ್ ಕಥೆ ಅರ್ಧಕ್ಕೇ ಬಿಟ್ಟಿದ್ದೆ. ಸಾಲ್‌ಬರ್ಗ್‌ನಲ್ಲಿ ಅವನು ಹದಿನೆಂಟು ವರ್ಷದ ಹತ್ತಿರ ಇದ್ದ. ಅಷ್ಟರಲ್ಲಿ ಪ್ರಪಂಚದ ವಿಮಾನಗಳೆಲ್ಲ ಮರ, ಬಟ್ಟೆ ಬಿಟ್ಟು ಅವನ ಲೋಹಕ್ಕೆ ಬಂದವು. ಹಿಂಡೆನ್‌ಬರ್ಗ್ ಸುಟ್ಟು ಸರಿಯಾಗಿ ಮೂರು ತಿಂಗಳಿಗೆ, 1937ರ ಆಗಸ್ಟ್ 6ರಂದು, ಅದೇ ಹಳ್ಳಿಯಲ್ಲಿ ತೀರಿಕೊಂಡ. ಅವನಿಗೆ 68 ವರ್ಷ. ಮರುವರ್ಷ, 1938ರಲ್ಲಿ, ಫ್ರಾನ್ಸಿನ ಗಿನ್ಯೇ ಮತ್ತು ಇಂಗ್ಲೆಂಡಿನ ಪ್ರೆಸ್ಟನ್ ಬೇರೆ ಬೇರೆಯಾಗಿ ಎಕ್ಸ್-ರೇ ಹಾಯಿಸಿ, ಮಾಗಿದ ಅಲ್ಯುಮಿನಿಯಂ ಒಳಗೆ ತಾಮ್ರದ ಅಣುಗಳು ತೆಳು ತಟ್ಟೆಗಳ ಹಾಗೆ ಗುಂಪು ಕಟ್ಟಿರೋದನ್ನು ತೋರಿಸಿದರು. ಒಂದೆರಡು ಅಣುಗಳಷ್ಟೇ ದಪ್ಪ. 1906ರ ಆ ಶನಿವಾರಕ್ಕೂ ಸೋಮವಾರಕ್ಕೂ ನಡುವೆ ಮೇಜಿನ ಮೇಲೆ ನಡೆದದ್ದು ಅದು. ಆ ಗುಂಪುಗಳಿಗೆ ಇವತ್ತು ಜಿ.ಪಿ. ಝೋನ್ ಅಂತ ಹೆಸರು, ಗಿನ್ಯೇ ಮತ್ತು ಪ್ರೆಸ್ಟನ್ ಅವರ ಮೊದಲ ಅಕ್ಷರಗಳು.